ಎರಡನೇ ಪುಟದ ಗೀಟು

೪ ಫೆಬ್ರವರಿ

ಅಕ್ಕನಿಗೆ,

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಆಸ್ಪತ್ರೆಯ ಲಾಂಡ್ರಿ ಚಿಕ್ಕಮ್ಮ. ಹೇಳಿದ್ದು ಮೊನ್ನೆ ಮಂಗಳವಾರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಒದ್ದೆ ಬೆಡ್‌ಶೀಟುಗಳ ಗಾಡಿಗೆ ಒರಗಿಕೊಂಡು. ಅವತ್ತಿನಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಯಾರ ಮೇಲಾದರೂ ಟ್ರೇ ಎತ್ತಿ ಎಸೆದುಬಿಡುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯ ಫೋನು ಊರಿನ ಬಾವಿಯ ಹಾಗೆ, ಸುತ್ತ ನಾಲ್ಕು ಜನ ನಿಂತೇ ಇರುತ್ತಾರೆ. ನಾನು ಹಲೋ ಅಂದರೆ ನಿನ್ನ ಅತ್ತೆ ಕೆಮ್ಮುತ್ತಾರೆ, ಭಾವ ಟಿ.ವಿ. ಸದ್ದು ಕಮ್ಮಿ ಮಾಡುತ್ತಾರೆ. ಅದಕ್ಕೇ ಎಂದಿನಂತೆ ನಿನ್ನ ಹೊಲಿಗೆ ಶೆಡ್ಡಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಲಾಂಡ್ರಿ ಚಿಕ್ಕಮ್ಮ ನನ್ನ ಚಿಕ್ಕಮ್ಮ ಅಲ್ಲ, ಇಡೀ ಆಸ್ಪತ್ರೆಗೆ ಚಿಕ್ಕಮ್ಮ. ವಯಸ್ಸು ಐವತ್ತೆಂಟು. ಮೂವತ್ತು ವರ್ಷದಿಂದ ನಮ್ಮ ವಾರ್ಡುಗಳ ಬಟ್ಟೆ ಒಗೆದಿದ್ದಾಳೆ. ಕಲೆ ನೋಡಿಯೇ ಇದು ಹೆರಿಗೆಯದು, ಇದು ಗಾಯದ್ದು ಅನ್ನುತ್ತಾಳೆ. ಗಂಡ ತೀರಿಹೋಗಿ ಹತ್ತು ವರ್ಷ, ಮುಟ್ಟು ನಿಂತು ಎಂಟು ವರ್ಷ. ಈಗ ಒಂದು ವರ್ಷದಿಂದ ಮತ್ತೆ ರಕ್ತ ಹೋಗುತ್ತಿದೆಯಂತೆ.

"ಒಂದು ವರ್ಷ ಸುಮ್ಮನಿದ್ಯಾ ಚಿಕ್ಕಮ್ಮ?" ಅಂತ ಕೂಗಿಬಿಟ್ಟೆ.

"ಸುಮ್ಮನೆ ಎಲ್ಲಿದ್ದೆ? ಮೂರು ಸಲ ನಿಮ್ಮ ಟೇಬಲ್ಲಿಗೆ ಬಂದು ಕೂತಿದ್ನಲ್ಲ."

"ಏನಂತ ಬಂದಿದ್ದೆ?"

"ಸೊಂಟ ನೋವು ಅಂತ. ಮತ್ತೆ ಇನ್ನೇನಂತ ಬರಲಿ? ಹಿಂದೆ ಬೆಂಚಿನ ತುಂಬ ಜನ. ನೀವು ಕೇಳಿದ್ರೆ ಹೇಳೋಣ ಅಂತ ಕೂತಿದ್ದೆ. ನೀವು ಕೇಳ್ಲಿಲ್ಲ. ಹಾಳೆ ತಿರುವಿದ್ರಿ, ಸರ್ರ್ ಅಂತ ಒಂದು ಗೀಟು ಹೊಡೆದ್ರಿ, ಮುಂದಿನವರನ್ನ ಕರೆದ್ರಿ."

ನಿನಗೆ ಅರ್ಥವಾಗಲಿ ಅಂತ ಹೇಳುತ್ತೇನೆ. ಡಾಕ್ಟರು ನೋಡುವ ಮೊದಲು ಪ್ರತಿಯೊಬ್ಬ ಹೆಂಗಸನ್ನೂ ನರ್ಸುಗಳಾದ ನಾವು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಒಂದು ಹಾಳೆ ಇದೆ. ಮೊದಲ ಪುಟ ಸುಲಭ: ವಯಸ್ಸು, ಮಕ್ಕಳು, ರಕ್ತದೊತ್ತಡ, ತೂಕ. ಎರಡನೇ ಪುಟದಲ್ಲಿ ನಿಜವಾದ ಪ್ರಶ್ನೆಗಳು. ಮುಟ್ಟು ಹೇಗಿದೆ, ಮುಟ್ಟಲ್ಲದ ದಿನ ರಕ್ತ ಕಾಣುತ್ತದೆಯೇ, ಬಿಳಿ ಹೋಗುತ್ತದೆಯೇ, ಗಂಡನ ಜೊತೆ ಮಲಗಿದಾಗ ನೋವಾಗುತ್ತದೆಯೇ, ಬೇಡ ಅಂದರೆ ಆತ ಕೇಳುತ್ತಾನೆಯೇ. ಒಟ್ಟು ಹದಿನಾಲ್ಕು. ನಮ್ಮಲ್ಲಿ ಒಂದು ಪದ್ಧತಿ ಬಂದುಬಿಟ್ಟಿದೆ. ನಲವತ್ತೈದು ದಾಟಿದವರು, ಗಂಡ ಇಲ್ಲದವರು, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡವರು ಬಂದರೆ ಎರಡನೇ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಓರೆ ಗೀಟು. ಅಂದರೆ, ಏನೂ ತೊಂದರೆ ಇಲ್ಲ ಅಂತ. ಇದನ್ನು ಯಾರು ಶುರು ಮಾಡಿದರೋ, ಈಗ ಯಾರಿಗೆ ನೆನಪಿದೆ.

ಅವತ್ತೇ ಚಿಕ್ಕಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಮಲಗಿಸಿದೆ. ಗರ್ಭಕೋಶದ ಬಾಯಿಯಲ್ಲಿ ಹೂಕೋಸಿನಂಥ ಗಡ್ಡೆ. ಡಾಕ್ಟರು ಕೈಗವಸು ಕಿತ್ತು ಬುಟ್ಟಿಗೆ ಹಾಕುತ್ತಾ ನನ್ನನ್ನೇ ಕೇಳಿದರು: "ಈ ಹೆಂಗಸಿಗೆ ಬಾಯಿ ಇರಲಿಲ್ವಾ?"

ಅಕ್ಕ, ಆ ಮನುಷ್ಯನ ಕನ್ನಡಕ ಇನ್ನೂ ಮುಖದ ಮೇಲೆ ಉಳಿದಿದೆಯೆಂದರೆ ಅದು ನನ್ನ ತಾಳ್ಮೆ.

ನೀನು ಹೇಗಿದ್ದೀ? ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತಂಗಿ


೧೩ ಫೆಬ್ರವರಿ

ತಂಗೀ,

ಕಾಗದ ತಲುಪಿತು. ಪೋಸ್ಟ್‌ಮ್ಯಾನು ಶೆಡ್ಡಿನ ಬಾಗಿಲಲ್ಲಿ ನಿಂತು "ಜೇಬಿನವರಿಗೆ ಪ್ರೇಮಪತ್ರ" ಅಂತ ಕೂಗಿದ. ಹನ್ನೊಂದು ವರ್ಷದಿಂದ ಜೇಬು ಹೊಲಿದೂ ಹೊಲಿದೂ ನನಗೆ ಇಲ್ಲಿ ಬೇರೆ ಹೆಸರೇ ಉಳಿದಿಲ್ಲ. ಕಾಜಾ ಹಾಕುವವಳು ಕಾಜಾದವಳು, ಕಾಲರ್ ಹೊಲಿಯುವವಳು ಕಾಲರಿನವಳು. ನಾವು ಎಂಟು ಜನ ಸೇರಿದರೆ ಒಂದು ಪೂರ್ತಿ ಅಂಗಿ. ಸೂಪರ್‌ವೈಸರನ್ನು ನಾವು ಸೀಟಿ ಅನ್ನುತ್ತೇವೆ, ಯಾಕೆಂದರೆ ಮಾತಿಗಿಂತ ಸೀಟಿ ಊದುವುದೇ ಹೆಚ್ಚು.

ನಿನ್ನ ಲಾಂಡ್ರಿ ಚಿಕ್ಕಮ್ಮನ ಕತೆ ಓದಿ ಎರಡು ಜೇಬು ಸೊಟ್ಟ ಹೊಲಿದೆ. ನಿನ್ನನ್ನು ಅಲ್ಲಿ ಮಿಂಚು ಸಿಸ್ಟರ್ ಅನ್ನುತ್ತಾರೆ, ಮಧ್ಯಾಹ್ನದೊಳಗೆ ಅರವತ್ತು ಹೆಂಗಸರನ್ನು ಮುಗಿಸುತ್ತೀ ಅಂತ ನೀನೇ ಜಂಬದಿಂದ ಬರೆದಿದ್ದೆ. ಮಿಂಚಿಗೆ ಕಿವಿ ಎಲ್ಲಿರುತ್ತೆ ಪಾಪ. ತಮಾಷೆಗೆ ಅಂದೆ, ಮುನಿಸಿಕೊಳ್ಳಬೇಡ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಶೆಡ್ಡಿನ ಕಾಲರಿನವಳಿಗೆ ನಲವತ್ತೇಳು. ಎಂಟು ತಿಂಗಳಿಂದ ಗಂಡನ ಜೊತೆ ಮಲಗಿದ ಮಾರನೆಯ ದಿನ ರಕ್ತ ಕಾಣುತ್ತದಂತೆ. ಮೊದಮೊದಲು ನಾಲ್ಕು ಹನಿ, ಈಗ ಅಂಗೈಯಗಲ. ಒಂಥರಾ ವಾಸನೆ ಬೇರೆ. ಕತ್ತರಿಸಿ ಬಿದ್ದ ಬಟ್ಟೆ ತುಂಡು ಮಡಿಸಿ ಸ್ಟೂಲಿನ ಮೇಲೆ ಹಾಕಿಕೊಂಡು ಕೂರುತ್ತಾಳೆ. ಕಪ್ಪು ಬಟ್ಟೆ ಬಿಟ್ಟು ಬೇರೆ ಉಡುವುದೇ ಇಲ್ಲ. ಎಡಗಡೆ ಸೊಂಟದಿಂದ ತೊಡೆಯವರೆಗೆ ಸೆಳೆತ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತೆ ಅಲ್ವಾ? ಸುಮ್ಮನೆ ತಿಳಿದುಕೊಳ್ಳೋಣ ಅಂತ. ಅವಳೇ ಕೇಳು ಅಂದಳು.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ಸುಸ್ತು, ಅಷ್ಟೇ.

ಅಕ್ಕ


೧೭ ಫೆಬ್ರವರಿ

ಅಕ್ಕ,

ನಿನ್ನ ಕಾಲರಿನವಳು ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದಾಳೆ ಅಂತ ಮೊದಲು ಕೇಳು! ಎಂಟು ತಿಂಗಳು! ಮನೆಯ ನಲ್ಲಿ ಎಂಟು ದಿನ ಸೋರಿದರೆ ಬೀದಿಯೆಲ್ಲ ಓಡಾಡಿ ಪ್ಲಂಬರನ್ನು ಹಿಡಿದು ತರುವ ಹೆಂಗಸರು, ತಮ್ಮ ಮೈ ಎಂಟು ತಿಂಗಳು ಸೋರಿದರೆ ಕಪ್ಪು ಬಟ್ಟೆ ಉಟ್ಟುಕೊಂಡು ಕೂರುತ್ತಾರೆ. ನನ್ನ ಕೈಗೆ ಸಿಕ್ಕಿದ್ದರೆ ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಂಥ ಪೆದ್ದುಗಳಿಂದಲೇ ನಮಗೆ ಕೆಟ್ಟ ಹೆಸರು.

ವಯಸ್ಸು ಗಿಯಸ್ಸು ಅಂತ ಸಬೂಬು ಬೇಡ. ಗಂಡನ ಜೊತೆ ಮಲಗಿದ ಮೇಲೆ ರಕ್ತ ಕಂಡರೆ ಯಾವ ವಯಸ್ಸಿಗೂ ಅದು ಸರಿಯಲ್ಲ. ಕ್ಯಾನ್ಸರೇ ಅಂತ ನಾನು ಹೇಳುತ್ತಿಲ್ಲ, ಬೇರೆ ಸಣ್ಣ ಕಾರಣವೂ ಇರಬಹುದು. ಆದರೆ ಒಳಗೆ ನೋಡದೆ ಯಾರೂ ಹೇಳಲಾರರು. ನಿಮ್ಮ ಊರಿನ ಕ್ಲಿನಿಕ್ಕಿಗೆ ನಾಳೆಯೇ ಕರೆದುಕೊಂಡು ಹೋಗು. ಬಾಯಿ ಬಿಡದಿದ್ದರೆ ನೀನೇ ಹೇಳು.

ಇಲ್ಲಿ ನಾನು ಮೇಟ್ರನ್ ಹತ್ತಿರ ಜಗಳಕ್ಕೆ ಹೋಗಿದ್ದೆ. ಎಲ್ಲರಿಗೂ ಎರಡನೇ ಪುಟ ಕೇಳಲೇಬೇಕು, ಪರದೆ ಕಟ್ಟಿಸಿಕೊಡಿ ಅಂದೆ. "ಒಬ್ಬೊಬ್ಬರಿಗೆ ಕಾಲು ಗಂಟೆ ಕೂತರೆ ಬೆಂಚು ರಸ್ತೆಯವರೆಗೆ ಬರುತ್ತೆ, ಆಮೇಲೆ ನೀನೇ ಟ್ರಾಫಿಕ್ಕು ನೋಡ್ಕೋ" ಅಂದರು. ಚಿಕ್ಕಮ್ಮನಿಗೆ ಗಡ್ಡೆ ಪಕ್ಕಕ್ಕೂ ಹರಡಿದೆ. ಆಪರೇಷನ್ನಿನ ಹಂತ ದಾಟಿದೆ, ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರೆ. ತಾನೇ ಒಗೆದ ಬೆಡ್‌ಶೀಟಿನ ಮೇಲೆ ಮಲಗಿಕೊಂಡು, ಈಗ ಒಗೆಯುವವಳಿಗೆ ನೀಲಿ ಹಾಕೋಕೆ ಬರಲ್ಲ ಅಂತ ಬೈಯುತ್ತಿದ್ದಾಳೆ.

ಆ ಪೆದ್ದಿಯನ್ನು ಕ್ಲಿನಿಕ್ಕಿನಲ್ಲಿ ಏನೇನು ಕೇಳಿದರು ಅಂತ ತಪ್ಪದೆ ಬರೆ.

ತಂಗಿ


೨ ಮಾರ್ಚ್

ತಂಗೀ,

ಪೆದ್ದಿ ಹೋಗಿ ಬಂದಳು.

ಟೇಬಲ್ಲಿನ ಹಿಂದೆ ಒಬ್ಬಳು ಚಿಕ್ಕ ವಯಸ್ಸಿನ ನರ್ಸು. ಒಳ್ಳೆಯ ಹುಡುಗಿ, ಕೂತ್ಕೊಳ್ಳಿ ಅಮ್ಮ ಅಂದಳು. ವಯಸ್ಸು ಕೇಳಿದಳು, ನಲವತ್ತೇಳು. ಮಕ್ಕಳು ಎಷ್ಟು, ಎರಡು. ತೂಕ ನೋಡಿದಳು. ಹಾಳೆ ತಿರುವಿದಳು. ಗೀಟು ಎಳೆದಳು. ಒಳಗೆ ಡಾಕ್ಟರು ಗೀಟು ನೋಡಿ, ಮಲಗು ಅಂತಲೂ ಹೇಳದೆ, ಸುಸ್ತಿಗೆ ಕೆಂಪು ಮಾತ್ರೆ ಬರೆದರು.

ಆ ಹುಡುಗಿಗೆ ತರಬೇತಿ ಆಗಿದ್ದು ನಿಮ್ಮ ಆಸ್ಪತ್ರೆಯಲ್ಲೇ ಅಂತೆ.

ಇನ್ನು ಈ ವಿಷಯ ಬರೆಯಬೇಡ. ಅವಳಿಗೆ ನಾಚಿಕೆಯಾಗುತ್ತದೆ. ಮಾತ್ರೆ ನುಂಗುತ್ತಿದ್ದಾಳೆ, ಸಾಕು.

ಅಕ್ಕ


೯ ಮಾರ್ಚ್

ಅಕ್ಕ,

ನಿನ್ನ ಎರಡೂ ಕಾಗದಗಳನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವಳಿಗೆ ಓದು ಬರುವುದಿಲ್ಲ, ಮಲಗಿ ಮಲಗಿ ಬೇಸರ, ನಿನ್ನ ಸೀಟಿಯ ಕತೆ ಕೇಳಿ ನಗಲಿ ಅಂತ. ನಕ್ಕಳು.

"ಆ ಕಾಲರಿನವಳ ಭಾಗ ಇನ್ನೊಂದ್ಸಲ ಓದಿ ಸಿಸ್ಟರ್" ಅಂದಳು. ಓದಿದೆ.

"ಅಂಗೈಯಗಲ ಅಂತ ಬರೆದಿದ್ದಾಳೆ. ಎಡಗಡೆ ತೊಡೆವರೆಗೆ ಅಂತ ಬರೆದಿದ್ದಾಳೆ. ಪಕ್ಕದ ಮಿಷನ್ನಿನವಳ ನೋವು ಎಡಗಡೆಯೋ ಬಲಗಡೆಯೋ ಯಾರಿಗೆ ಗೊತ್ತಿರುತ್ತೆ? ಇದು ನಿಮ್ಮ ಅಕ್ಕನದೇ ಮೈ. ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ. ಹದಿನೆಂಟು ವರ್ಷ ನರ್ಸು. ಗೊತ್ತಾಗಲಿಲ್ಲ.

ನಿನ್ನನ್ನು ಪೆದ್ದಿ ಅಂದೆ. ಕಿವಿ ಹಿಂಡುತ್ತೇನೆ ಅಂದೆ. ಆದರೂ ನಿನ್ನ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಕಾಲರಿನವಳ ಬೆನ್ನ ಹಿಂದೆ ಅಡಗಿ ಕೂತೆಯಲ್ಲ, ನಾನು ನಿನಗೆ ಯಾರೋ ಹೊರಗಿನವಳಾ?

ಈಗ ನನ್ನ ಸುಳ್ಳು. ಗೀಟು ಯಾರು ಶುರು ಮಾಡಿದರೋ ಅಂತ ಮೊದಲ ಕಾಗದದಲ್ಲಿ ಬರೆದಿದ್ದೆ. ನಾನೇ. ಆರು ವರ್ಷದ ಹಿಂದೆ ಟೇಬಲ್ಲಿನಲ್ಲಿ ಮೂರು ಜನರ ಕೆಲಸಕ್ಕೆ ನಾನೊಬ್ಬಳೇ ಇದ್ದೆ. ಒಬ್ಬ ಅಜ್ಜಿಗೆ ಗಂಡನ ಜೊತೆ ಮಲಗ್ತೀರಾ ಅಂತ ಕೇಳಿದ್ದಕ್ಕೆ ಅವಳ ಮಗ ನನ್ನ ಮೇಲೆ ದೂರು ಕೊಟ್ಟ, ಮೇಟ್ರನ್ ಎಲ್ಲರೆದುರು ಬೈದರು. ಮಾರನೆಯ ದಿನ ಮೊದಲ ಗೀಟು ಎಳೆದೆ. ಬೆಂಚು ಬೇಗ ಖಾಲಿಯಾಯಿತು. ಅದೇ ಮೇಟ್ರನ್ ಮೆಚ್ಚಿದರು, ಮಿಂಚು ಅಂತ ಹೆಸರಿಟ್ಟರು. ತರಬೇತಿಗೆ ಬಂದ ಹುಡುಗಿಯರಿಗೆಲ್ಲ ಹೇಳಿಕೊಟ್ಟೆ. ನಲವತ್ತೈದು ದಾಟಿದವರಿಗೆ ಇದೆಲ್ಲ ಇರಲ್ಲ ಬಿಡ್ರೇ, ಅಂದಿದ್ದೆ. ನಿನಗೆ ಗೀಟು ಎಳೆದದ್ದು ನಾನು ಕಲಿಸಿದ ಕೈ.

ಮೊದಲ ಬಸ್ಸಿಗೆ ಹೊರಟು ಬಾ. ಕೈ ಮುಗಿಯುತ್ತೇನೆ.

ತಂಗಿ


೧೫ ಮಾರ್ಚ್

ತಂಗೀ,

ನನಗೆ ಗೊತ್ತಿತ್ತು. ಯಾಕಮ್ಮ ಗೀಟು ಅಂತ ನಾನು ಆ ಹುಡುಗಿಯನ್ನು ಕೇಳಿದೆ. "ನಮ್ಮ ಮಿಂಚು ಸಿಸ್ಟರ್ ಹೇಳಿಕೊಟ್ಟಿದ್ದು, ತುಂಬಾ ಟೈಮ್ ಉಳಿಯುತ್ತೆ" ಅಂದಳು, ದೇವರ ಹೆಸರು ಹೇಳುವ ಹಾಗೆ. ಮಿಂಚು ನನ್ನ ತಂಗಿ ಅಂತ ನಾನು ಹೇಳಲಿಲ್ಲ. ಮಾತ್ರೆ ಚೀಟಿ ಹಿಡಿದುಕೊಂಡು ಶೆಡ್ಡಿಗೆ ವಾಪಸು ಬಂದು ಸಂಜೆಯವರೆಗೆ ಜೇಬು ಹೊಲಿದೆ.

ನಿನಗೆ ನನ್ನ ಮೇಲೆ ಸಿಟ್ಟಾ? ಕೂತುಕೋ, ನನ್ನ ಸಿಟ್ಟು ಕೇಳು.

ನೀನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಗ ಮನೆಗೆ ಬಂದಿದ್ದೆ. ನನಗೆ ಮೊದಲನೆಯದು ಹುಟ್ಟಿ ಮೂರು ತಿಂಗಳು, ಹೊಲಿಗೆ ಇನ್ನೂ ಮಾಗಿರಲಿಲ್ಲ. ನಿನ್ನ ಭಾವನಿಗೆ ಕಾಯುವಷ್ಟು ಬುದ್ಧಿ ಇರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಾ ನಿನಗೆ ಹೇಳೋಕೆ ಬಾಯಿ ತೆಗೆದೆ. ನನ್ನ ತಂಗಿ ಇದನ್ನೇ ಓದುತ್ತಿದ್ದಾಳೆ, ಇವಳಿಗಲ್ಲದೆ ಯಾರಿಗೆ ಹೇಳಲಿ ಅಂತ. ನೀನು ಕಿವಿ ಮುಚ್ಚಿಕೊಂಡು, "ಥೂ ಅಕ್ಕ, ಭಾವನ ವಿಷಯ ನನಗೆ ಹೇಳ್ಬೇಡ, ನಾಳೆ ಅವರ ಮುಖ ಹೇಗೆ ನೋಡ್ಲಿ" ಅಂದೆ. ನಾನು ನಕ್ಕೆ. ನಗದೆ ಏನು ಮಾಡಲಿ? ಅವತ್ತು ಮುಚ್ಚಿದ ಬಾಯಿ ಇದು.

ಅಲ್ಲಿಂದ ಇಲ್ಲಿಯವರೆಗೆ ನೀನು ಬರೆದ ಹೆಚ್ಚುಕಮ್ಮಿ ಪ್ರತಿ ಕಾಗದದಲ್ಲೂ ಹೇಗಿದ್ದೀ ಅಂತ ಕೇಳಿದ್ದೀ. ಅದೇ ಸಾಲಿನಲ್ಲಿ ಭಾವನಿಗೆ ಕೇಳಿದೆ ಅಂತ ಹೇಳು ಅಂತ ಮುಗಿಸಿದ್ದೀ. ಬೀದಿಯಲ್ಲಿ ಹೋಗುವವರೂ ಹೇಗಿದ್ದೀ ಅಂತ ಕೇಳುತ್ತಾರೆ ಕಣೇ, ನಿಂತು ಕೇಳುವುದಿಲ್ಲ. ಈಗ ನಿನ್ನ ತಪ್ಪು ನಿನಗೆ ಚುಚ್ಚಿದೆ, ಅದಕ್ಕೆ ಮೊದಲ ಬಸ್ಸಿಗೆ ಬಾ ಅನ್ನುತ್ತೀ. ನಿನ್ನ ಸಮಾಧಾನಕ್ಕೆ ನಾನು ಬಂದು ಮಲಗಬೇಕಾ?

ಬರುವುದಿಲ್ಲ. ಬೇರೆ ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಕೇಳದವರ ಮುಂದೆ ಹೋಗಿ ಕೂತು ಕೂತು ನನಗೆ ಸಾಕಾಗಿದೆ.

ಅಕ್ಕ


೨೦ ಮಾರ್ಚ್

ಅಕ್ಕ,

ನೀನು ಬರೆದದ್ದೆಲ್ಲ ನಿಜ. ಹಿತ್ತಲಿನ ಮಾತು ನನಗೂ ನೆನಪಿದೆ. ಕ್ಷಮಿಸು ಅಂತ ಬರೆಯುವುದಿಲ್ಲ, ಅದನ್ನು ಓದಿ ಪಕ್ಕಕ್ಕಿಡುವುದು ಸುಲಭ. ಕೇಳಬೇಕಾದ್ದನ್ನು ಈಗ ಕೇಳುತ್ತೇನೆ. ಉತ್ತರ ನನಗೆ ಕೊಡಲೇಬೇಕೆಂದಿಲ್ಲ, ಆದರೆ ಒಂದೊಂದು ಪ್ರಶ್ನೆಯ ಹತ್ತಿರವೂ ಸ್ವಲ್ಪ ನಿಂತುಕೋ.

ಕೊನೆಯ ಸರಿಯಾದ ಮುಟ್ಟು ಯಾವಾಗ ಆಯಿತು? ಅದಾದ ಮೇಲೆ ಬಂದ ರಕ್ತ ಕೆಂಪಾಗಿತ್ತೋ, ನೀರು ನೀರಾಗಿತ್ತೋ? ರಕ್ತ ಇಲ್ಲದ ದಿನವೂ ವಾಸನೆ ಇರುತ್ತದಾ? ಉಚ್ಚೆ ಹೋಗುವಾಗ ಉರಿಯುತ್ತದಾ? ಕಾಲು ಊದಿಕೊಳ್ಳುತ್ತದಾ?

ಭಾವನ ಜೊತೆ ಮಲಗಿದಾಗ ನೋವಾಗುತ್ತದಾ? ಎಷ್ಟು ವರ್ಷದಿಂದ? ನೋವಾಗುತ್ತದೆ ಅಂತ ಹೇಳಿದ್ದೀಯಾ? ಹೇಳಿದಾಗ ನಿಲ್ಲಿಸಿದರಾ? ನಿನಗೆ ಬೇಡವಾದ ದಿನ ಬೇಡ ಅಂದರೆ ಆ ಮನೆಯಲ್ಲಿ ಏನಾಗುತ್ತದೆ?

ಹಾಳೆಯಲ್ಲಿ ಇಲ್ಲದ್ದೊಂದು: ನಿನಗೆ ಯಾವತ್ತಾದರೂ ಬೇಕು ಅನ್ನಿಸಿತ್ತಾ? ಅದನ್ನು ಯಾರಾದರೂ ಕೇಳಿದ್ದಾರಾ?

ಬರೆಯುತ್ತಾ ಮೂರು ಸಲ ಎದ್ದು ನೀರು ಕುಡಿದೆ. ಹೊರಗಿನವರಿಗೆ ಕೇಳುವುದು ಇದರ ಮುಂದೆ ಏನೂ ಅಲ್ಲ.

ಗೀಟು ನನ್ನದೇ ಅಂತ ಮೇಟ್ರನ್‌ಗೆ ಬರೆದುಕೊಟ್ಟೆ. ತರಬೇತಿ ಪಡೆದು ಹೋದ ಹುಡುಗಿಯರಿಗೆಲ್ಲ ಕಾಗದ ಹಾಕಬೇಕು ಅಂತಲೂ ಬರೆದೆ. ಸದ್ಯಕ್ಕೆ ನನ್ನನ್ನು ಟೇಬಲ್ಲಿನಿಂದ ಎತ್ತಿ ಸ್ಟೋರಿಗೆ ಹಾಕಿದ್ದಾರೆ, ಹತ್ತಿ ಉಂಡೆಗಳನ್ನು ಕಾಯುತ್ತಿದ್ದೇನೆ. ಹುಡುಗಿಯರಿಗೆ ಕಾಗದ ನಾನೇ ಹಾಕುತ್ತೇನೆ.

ನನ್ನ ಮೇಲಿನ ಸಿಟ್ಟು ಇಟ್ಟುಕೋ, ಬಿಡಬೇಡ. ಆದರೆ ಅದಕ್ಕೋಸ್ಕರ ಸಾಯಬೇಡ. ಎಲ್ಲಾದರೂ ತೋರಿಸಿಕೋ, ಯಾರ ಹತ್ತಿರವಾದರೂ.

ತಂಗಿ


೩೦ ಮಾರ್ಚ್

ತಂಗೀ,

ಒಳಗೆ ನೋಡಿದರು. ಒಂದು ಚೂರು ಮಾಂಸ ತೆಗೆದು ಸೀಸೆಯಲ್ಲಿ ಹಾಕಿ ಕಳಿಸಿದ್ದಾರೆ. ಹುಣ್ಣು ಇದೆ, ಉಗುರಿನಷ್ಟು, ಇನ್ನೂ ಪಕ್ಕಕ್ಕೆ ಹರಡಿದ ಹಾಗೆ ಕೈಗೆ ಸಿಗಲಿಲ್ಲ, ಆದರೆ ತಡ ಮಾಡಬೇಡಿ ಅಂದರು ಡಾಕ್ಟರು. ನಿಮ್ಮ ಆಸ್ಪತ್ರೆಗೇ ಚೀಟಿ ಬರೆದಿದ್ದಾರೆ. ಬರುವ ಸೋಮವಾರ ಬಸ್ಸು ಹತ್ತುತ್ತೇನೆ. ಭಾವ ಬರುತ್ತೇನೆ ಅಂದರು, ಬೇಡ ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಬೇಡ ಅಂದದ್ದು ಆ ಮನುಷ್ಯ ಕೇಳಿದ್ದು ಇದೇ ಮೊದಲು. ಅತ್ತೆ ಕೆಮ್ಮಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಗಂಟು ಕಟ್ಟಿಕೊಂಡೇ ಬರುತ್ತೇನೆ.

ಇದು ಹೇಗಾಯಿತು ಅಂದರೆ, ಹೋದ ಗುರುವಾರ ನಿನ್ನ ಕಾಗದ ಬಂತು. ಊಟದ ಹೊತ್ತು. ಒಡೆದು ಓದುತ್ತಾ ಓದುತ್ತಾ ನನ್ನ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಕಾಜಾದವಳು ಕಿತ್ತುಕೊಂಡು, "ಕೊಡೇ, ಯಾರು ಸತ್ತರು ನೋಡೋಣ" ಅಂತ ಗಟ್ಟಿಯಾಗಿ ಓದತೊಡಗಿದಳು. ನಿಲ್ಲಿಸು ಅನ್ನುವಷ್ಟರಲ್ಲಿ ಉಚ್ಚೆಯವರೆಗೆ ಹೋಗಿಬಿಟ್ಟಿದ್ದಳು. ಭಾವನ ಸಾಲು ಬಂದಾಗ ಅವಳ ದನಿ ತಗ್ಗಿತು, ಆದರೂ ನಿಲ್ಲಲಿಲ್ಲ. ಉಳಿದ ಆರು ಜನ ಕೈಯಲ್ಲಿ ತುತ್ತು ಹಿಡಿದುಕೊಂಡು ಹಾಗೇ ಕೂತಿದ್ದರು. ಆಮೇಲೆ ನಾನೇ ಮೊದಲಿನಿಂದ ಎಲ್ಲ ಹೇಳಿದೆ, ನಿನ್ನ ಲಾಂಡ್ರಿ ಚಿಕ್ಕಮ್ಮನಿಂದ ಹಿಡಿದು. ಕಾಲರಿನವಳ ಹೆಸರಲ್ಲಿ ಬರೆದದ್ದೂ ಹೇಳಿದೆ. "ನನ್ನ ಮೈಗೆ ಯಾಕೆ ಬರೆದೆ ರೋಗಾನ, ಮುಂಡೇದೆ" ಅಂತ ಕಾಲರಿನವಳು ಬೈದಳು, ಬೈಯುತ್ತಲೇ ಅತ್ತಳು. ಸೀಟಿ ಊದಿತು. ಒಬ್ಬರೂ ಏಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದರೆ ಒಂದು ಮಿಷನ್ನೂ ಓಡುತ್ತಿಲ್ಲ. ಏಳೂ ಜನ ಗೇಟಿನ ಹೊರಗೆ ನನಗಾಗಿ ಕಾಯುತ್ತಾ ನಿಂತಿದ್ದಾರೆ. "ನಡಿ" ಅಂದಳು ಕಾಜಾದವಳು. ಸೂಪರ್‌ವೈಸರ್ ಅರ್ಧ ದಾರಿಯವರೆಗೆ ಹಿಂದೆ ಬಂದ. "ಎಲ್ರೂ ಒಟ್ಟಿಗೆ ಹೋದ್ರೆ ಅಂಗಿ ಯಾರು ಹೊಲೀತಾರೆ?" ಅಂದ. "ನೀನೇ ಸೀಟಿ ಊದಿ ಹೊಲಿ" ಅಂದಳು ಕಾಲರಿನವಳು.

ಕ್ಲಿನಿಕ್ಕಿನ ಬೆಂಚು ನಾವೇ ತುಂಬಿದೆವು. ನನ್ನನ್ನು ಮೊದಲು ಕೂರಿಸಿದರು. ಆ ಹುಡುಗಿ ವಯಸ್ಸು ಕೇಳಿದಳು, ಮಕ್ಕಳು ಕೇಳಿದಳು, ತೂಕ ನೋಡಿದಳು, ಹಾಳೆ ತಿರುವಿದಳು. ಪೆನ್ನು ಮೇಲಿನ ಮೂಲೆಗೆ ಹೋಯಿತು. ಕಾಜಾದವಳು ಹಿಂದಿನಿಂದ ಕೈ ಚಾಚಿ ಅಂಗೈಯನ್ನು ಆ ಪುಟದ ಮೇಲೆ ಊರಿಬಿಟ್ಟಳು.

"ಗೀಟು ಎಳೀಬೇಕಾದ್ರೆ ನನ್ನ ಕೈ ಮೇಲೆ ಎಳಿ ತಾಯಿ. ಇಲ್ಲಾಂದ್ರೆ ಓದು."

ಹುಡುಗಿ ನಮ್ಮ ಎಂಟೂ ಮುಖ ನೋಡಿದಳು. ಕಾಂಪೌಂಡರು ಕೆಮ್ಮಿ ಹೊರಗೆ ಹೋದ. ಇಬ್ಬರು ಎದ್ದು ಸೆರಗು ಹರಡಿ ಹಿಡಿದು ಪರದೆ ಮಾಡಿ ನಿಂತರು. ಹುಡುಗಿ ಓದಿದಳು, ಕೊನೆಯ ಪ್ರಶ್ನೆಯವರೆಗೂ ಓದಿದಳು. ನಾನು ಪ್ರತಿಯೊಂದಕ್ಕೂ ಹೇಳಿದೆ. ನಾನು ಎದ್ದಾಗ ಕಾಲರಿನವಳು ಕೂತಳು, ಅವಳಾದ ಮೇಲೆ ಕಾಜಾದವಳು, ಆಮೇಲೆ ಗುಂಡಿಯವಳು, ಹೀಗೆ ಎಂಟು ಜನ. ಒಬ್ಬೊಬ್ಬರಿಗೂ ಕಾಲು ಗಂಟೆಗಿಂತ ಹೆಚ್ಚೇ ಹಿಡಿಯಿತು. ಹಿಂದೆ ಬಂದವರ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿಯಿತು. ಏನಮ್ಮ ಇಷ್ಟು ಹೊತ್ತು ಅಂತ ಸಾಲಿನಿಂದ ಒಬ್ಬಳು ಕೂಗಿದಳು. ಕಾಜಾದವಳು ಹೊರಗೆ ಹೋಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಅವಳು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ತನ್ನ ಸರದಿ ಬರಲಿ ಅಂತ ನೆಲದ ಮೇಲೆ ಕೂತುಬಿಟ್ಟಳು.

ಅಕ್ಕ